ಕಣ್ಣಿನ ಮಸೂರ ಮತ್ತು ಗೃಹಸ್ಥನ ಅಹಿಂಸೆ

ನಮ್ಮ ಮನೆತನದಲ್ಲಿ ಸಮೀಪದೃಷ್ಟಿಯೆಂಬ ದೋಷವು ಹೊಲಮನೆಗಳಂತೆ ಪಿತ್ರಾರ್ಜಿತವಾಗಿ ಇಳಿದು ಬಂದಿದೆ. ನನ್ನ ಅಜ್ಜಿಗೆ ಇತ್ತು, ನನಗೆ ಬಂದಿತು, ನನ್ನ ತಮ್ಮನ ಮಗಳಿಗೂ ಬಂದಿದೆ. ತಂದೆಯವರೊಬ್ಬರು ಮಾತ್ರ ಅದರಿಂದ ಪಾರಾಗಿದ್ದರು. ಅವರು ದಢೇಸುಗೂರಿನ ಹೊಳೆಯ ದಡದಲ್ಲಿ ನಿಂತು, ತುಂಗಭದ್ರೆಯ ಆಚೆಗೆ ಸಿರುಗುಪ್ಪದ ದಾರಿಯಲ್ಲಿ ಬರುವ ಚಕ್ಕಡಿ ಯಾರದೆಂದು ಎತ್ತುಗಳನ್ನು ನೋಡಿಯೇ ಹೇಳುತ್ತಿದ್ದರು. ಕನ್ನಡಕ ತೆಗೆದರೆ ನನಗೆ ಹೊಳೆಯೂ ಒಂದೇ, ಕಾಲುವೆಯ ನೀರು ನಿಂತ ಗದ್ದೆಯೂ ಒಂದೇ. ಹನ್ನೊಂದನೆಯ ವಯಸ್ಸಿನಲ್ಲಿ ನನಗೆ ಮೊದಲ ಕನ್ನಡಕ ಬಂದಿತು. ಬಿ.ಕಾಂ. ಮುಗಿಸಿ ಭತ್ತ ಅಕ್ಕಿಯ ವ್ಯಾಪಾರಕ್ಕೆ ಕುಳಿತಾಗ ಅದರ ನಂಬರು ಮೈನಸ್ ಒಂಬತ್ತು ಆಗಿತ್ತು. ಐವತ್ತು ದಾಟುವಷ್ಟರಲ್ಲಿ ಹನ್ನೊಂದೂವರೆ.

ಆದರೆ ಈ ದೋಷಕ್ಕೆ ಒಂದು ಗುಣವೂ ಉಂಟು. ತೀವ್ರ ಸಮೀಪದೃಷ್ಟಿಯುಳ್ಳವನು ಕನ್ನಡಕ ತೆಗೆದು ವಸ್ತುವನ್ನು ಮೂಗಿನ ಹತ್ತಿರಕ್ಕೆ ಹಿಡಿದರೆ ಅದು ಭೂತಗನ್ನಡಿಯಲ್ಲಿ ಕಂಡಂತೆ ಕಾಣುತ್ತದೆ. ನನ್ನ ಅಜ್ಜಿ ಮೊರದಲ್ಲಿ ಅಕ್ಕಿ ಹರಡಿಕೊಂಡು, ಮುಖವನ್ನು ಮೊರದೊಳಗೇ ಇಟ್ಟಂತೆ ಬಾಗಿ, ಒಂದೊಂದು ನುಸಿಯನ್ನೂ ಬೆರಳ ತುದಿಯಿಂದ ಎತ್ತಿ ಎಲೆಯ ಮೇಲೆ ಬಿಟ್ಟು ಹಿತ್ತಲಿಗೆ ಒಯ್ಯುತ್ತಿದ್ದಳು. ಹತ್ತಿರದ ಜೀವ ಅವಳಿಗೆ ಯಾರಿಗಿಂತಲೂ ಚೆನ್ನಾಗಿ ಕಾಣುತ್ತಿತ್ತು. ಅಂಗಳದ ಬಾಗಿಲಲ್ಲಿ ನಿಂತ ಮಗ ಮಾತ್ರ ಕಾಣುತ್ತಿರಲಿಲ್ಲ.

ಅವಳ ಕಣ್ಣಿಗೆ ಪೊರೆ ಬಂದುದು 1971ರ ಸುಮಾರಿಗೆ. ಆ ಕಾಲದಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕಣ್ಣಿನ ಶಸ್ತ್ರಕ್ರಿಯೆ ಎಂದರೆ ಡಾ. ಎಂ. ಸಿ. ಮೋದಿಯವರ ಹೆಸರು ಮನೆಮಾತಾಗಿತ್ತು. ಶಾಲೆ, ಛತ್ರಗಳಲ್ಲಿ ಒಂದೇ ದಿನಕ್ಕೆ ನೂರಾರು ಕಣ್ಣುಗಳ ಪೊರೆ ತೆಗೆಯುವ ಶಿಬಿರಪದ್ಧತಿಯನ್ನು ನಾಡಿಗೆ ತೋರಿಸಿದವರು ಅವರು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಪಡೆದವರು. ಅವರನ್ನು ಅನುಸರಿಸಿ ಅನೇಕ ವೈದ್ಯರು ಶಿಬಿರ ನಡೆಸುತ್ತಿದ್ದರು. ನಮ್ಮ ಅಜ್ಜಿಯ ಕಣ್ಣು ಆದುದು ಅಂಥ ಒಂದು ಶಿಬಿರದಲ್ಲಿ. ಆಗ ಕಣ್ಣಿನೊಳಗೆ ಹೊಸ ಮಸೂರ ಇಡುವ ಪದ್ಧತಿ ಶಿಬಿರಗಳಿಗೆ ಬಂದಿರಲಿಲ್ಲ. ಮಬ್ಬಾದ ಸಹಜ ಮಸೂರವನ್ನು ಪೂರ್ತಿಯಾಗಿ ತೆಗೆದು, ಅದರ ಬದಲಿಗೆ ಪ್ಲಸ್ ಹತ್ತರ ದಪ್ಪ ಕನ್ನಡಕವನ್ನು ಎಲ್ಲರಿಗೂ ಒಂದೇ ಅಳತೆಯಲ್ಲಿ ಕೊಡುತ್ತಿದ್ದರು. ಅಜ್ಜಿ ಆ ಕನ್ನಡಕವನ್ನು ಹಾಕಿಕೊಂಡು ತಲೆ ತಿರುಗುತ್ತದೆಂದು ತೆಗೆದಿಟ್ಟಳು. ತೆಗೆದಿಟ್ಟ ಮೇಲೆ ಅಂಗಳದ ಬಾಗಿಲಲ್ಲಿ ನಿಂತ ಮಗನ ಮುಖ, ಹುಟ್ಟಿದಂದಿನಿಂದ ಕಾಣದಷ್ಟು ಸ್ಪಷ್ಟವಾಗಿ ಅವಳಿಗೆ ಕಂಡಿತು! ಊರವರು ಇದನ್ನು ಪವಾಡವೆಂದರು. ಅಜ್ಜಿ ಮಾತ್ರ ಮೊರದ ಮುಂದೆ ಕುಳಿತು ಅತ್ತಳು. ಅಕ್ಕಿಯೊಳಗಿನ ನುಸಿ ಅವಳಿಗೆ ಇನ್ನು ಕಾಣುತ್ತಿರಲಿಲ್ಲ.

ಇದರ ಕಾರಣ ನನಗೆ ತಿಳಿದುದು ಐವತ್ತು ವರ್ಷಗಳ ನಂತರ. ಸಾಮಾನ್ಯ ಕಣ್ಣುಗುಡ್ಡೆಯ ಉದ್ದ ಸುಮಾರು 24 ಮಿಲಿಮೀಟರ್. ಸಮೀಪದೃಷ್ಟಿಯವರ ಗುಡ್ಡೆ ಹಿಂದಕ್ಕೆ ಬೆಳೆದು ಉದ್ದವಾಗಿರುತ್ತದೆ, ನನ್ನದು 28. ಬೆಳಕು ಹಿಂದಿನ ಪಟಲವನ್ನು ಮುಟ್ಟುವ ಮೊದಲೇ ಕೂಡಿಕೊಂಡುಬಿಡುತ್ತದೆ. ಅಂಥ ಕಣ್ಣಿನಿಂದ ಸಹಜ ಮಸೂರವನ್ನೇ ತೆಗೆದರೆ ಬಾಗುವ ಶಕ್ತಿ ಕಡಮೆಯಾಗಿ ಬೆಳಕು ಸರಿಯಾದ ಸ್ಥಳಕ್ಕೆ ಹೋಗಿ ಬೀಳುತ್ತದೆ. ಆಸ್ಟ್ರಿಯಾದ ಫುಕಾಲಾ ಎಂಬ ವೈದ್ಯರು 1890ರ ಸುಮಾರಿಗೇ, ಪೊರೆಯಿಲ್ಲದಿದ್ದರೂ ತೀವ್ರ ಸಮೀಪದೃಷ್ಟಿಯವರ ಮಸೂರವನ್ನು ಬೇಕೆಂದೇ ತೆಗೆಯುತ್ತಿದ್ದರು. ಅನೇಕರಿಗೆ ಮುಂದೆ ಕಣ್ಣಿನ ಹಿಂಪಟಲ ಕಳಚಿ ಬಂದುದರಿಂದ ಆ ಪದ್ಧತಿ ಹಿಂದೆ ಸರಿಯಿತು. ನಮ್ಮ ಅಜ್ಜಿಗೆ ಫುಕಾಲಾ ಯಾರೆಂದು ತಿಳಿಯದೆಯೇ ಅವರ ಚಿಕಿತ್ಸೆ ದೊರೆತಿತ್ತು.

ಇನ್ನು ತಮ್ಮನ ಮಗಳ ವಿಷಯಕ್ಕೆ ಬರುತ್ತೇನೆ. ಈ ಲೇಖನವನ್ನು ಬರೆಯಲು ಕಾರಣ ಅವಳೇ. ಅವಳ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. 2021ರಲ್ಲಿ ಅವಳಿಗೆ ಇಪ್ಪತ್ತೈದು ವರ್ಷ. ಕನ್ನಡಕದ ನಂಬರು ಮೈನಸ್ ಹನ್ನೆರಡು. ಓದಿದ್ದಾಳೆ, ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ, ಸ್ಕೂಟರ್ ಓಡಿಸುತ್ತಾಳೆ. ವರನ ಕಡೆಯವರು ಎರಡು ಬಾರಿ ಬಂದು ಹೋಗಿದ್ದರು. ಕನ್ನಡಕದ ಗಾಜಿನ ದಪ್ಪ ನೋಡಿ ಮೌನವಾಗಿದ್ದರು. ಮೂರನೆಯ ಬಾರಿ ಬಂದವರಲ್ಲಿ ಒಬ್ಬ ಹಿರಿಯ ಹೆಣ್ಣುಮಗಳು, "ಸ್ವಲ್ಪ ಕನ್ನಡಕ ತೆಗೆಯವ್ವಾ, ಮುಖ ನೋಡೋಣ" ಎಂದರು. ಅವಳು ತೆಗೆದಳು. ತೆಗೆದು, ಕೈಯಲ್ಲಿದ್ದ ಚಹದ ತಟ್ಟೆಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ನಿಂತಳು.

ಕನ್ನಡಕವಿಲ್ಲದ ಜಗತ್ತು ಹೇಗೆ ಕಾಣುತ್ತದೆಂದು ಆ ಕೋಣೆಯಲ್ಲಿ ತಿಳಿದವನು ನಾನೊಬ್ಬನೇ. ಮನೆಗೆ ಹಿರಿಯನೂ ನಾನೇ. ನಾನು ಏನೂ ಹೇಳಲಿಲ್ಲ. ಸಂಬಂಧ ಕೂಡಿಬರಲೆಂಬ ಆಸೆಯಿಂದ ಸುಮ್ಮನೆ ಕುಳಿತೆ. ಪರ್ಯೂಷಣದಲ್ಲಿ ವರ್ಷ ವರ್ಷ ಮಾರ್ದವ, ಆರ್ಜವಗಳ ಮೇಲೆ ಭಾಷಣ ಮಾಡಿದ ನಾಲಿಗೆ ಅಂದು ಏಳಲಿಲ್ಲ. ಆ ರಾತ್ರಿ ಅವಳು, "ದೊಡ್ಡಪ್ಪಾ, ಅವರು ನನ್ನ ಮುಖ ನೋಡಿದ್ರು. ನನಗ ಅವರ ಮುಖ ಕಾಣಲಿಲ್ಲ" ಎಂದಳು. ಆ ಸಂಬಂಧವನ್ನು ಅವಳೇ ಬೇಡವೆಂದಳು. ಒಂದು ತಿಂಗಳ ನಂತರ, ತನ್ನ ಸ್ವಂತ ಉಳಿತಾಯದಿಂದ ಕಣ್ಣಿನ ಶಸ್ತ್ರಕ್ರಿಯೆ ಮಾಡಿಸಿಕೊಳ್ಳುವುದಾಗಿ ಹೇಳಿದಳು. ವರನ ಕಡೆಯವರಿಗಾಗಿ ಅಲ್ಲ, ರಾತ್ರಿ ಎಚ್ಚರವಾದಾಗ ಗೋಡೆಯ ಗಡಿಯಾರ ಕಾಣಬೇಕೆಂದು.

ಅವಳೊಡನೆ ಆಸ್ಪತ್ರೆಗೆ ಹೋದವನು ನಾನು. ಅಲ್ಲಿ ತಿಳಿದ ವಿಷಯಗಳನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ನಮ್ಮ ಅನೇಕ ಮನೆಗಳಲ್ಲಿ ಇಂದು ಇದೇ ಪ್ರಶ್ನೆ ಎದ್ದಿದೆ. ಲೇಸರ್‌ನಿಂದ ಕಣ್ಣಿನ ಮುಂಪಟಲವನ್ನು ಕೆತ್ತುವ ವಿಧಾನ ಇಷ್ಟು ದೊಡ್ಡ ನಂಬರಿಗೆ ಒಗ್ಗುವುದಿಲ್ಲ. ಅವಳ ಪಟಲ ತೆಳುವಾಗಿಯೂ ಇತ್ತು. ಸಹಜ ಮಸೂರವನ್ನು ತೆಗೆದು ಕೃತಕ ಮಸೂರವನ್ನು ಇಡುವುದು ಎರಡನೆಯ ವಿಧಾನ. ಇದು ಫುಕಾಲಾ ಅವರ ಹಳೆಯ ಉಪಾಯದ ಹೊಸ ರೂಪ. ಆದರೆ ಎಳೆಯ ಕಣ್ಣಿನ ಮಸೂರಕ್ಕೆ ಹತ್ತಿರಕ್ಕೂ ದೂರಕ್ಕೂ ತಾನೇ ಹೊಂದಿಕೊಳ್ಳುವ ಶಕ್ತಿ ಇರುತ್ತದೆ. ತೆಗೆದರೆ ಅದು ಹೋಯಿತು. ಹಿಂಪಟಲದ ಅಪಾಯವೂ ಪೂರ್ತಿಯಾಗಿ ಹೋಗಿಲ್ಲ. ಫ್ರಾನ್ಸಿನ ವೈದ್ಯರು 1999ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೀಗೆ ಮಸೂರ ತೆಗೆಸಿಕೊಂಡ ತೀವ್ರ ಸಮೀಪದೃಷ್ಟಿಯ 49 ಕಣ್ಣುಗಳಲ್ಲಿ ಏಳು ವರ್ಷಗಳೊಳಗೆ ನಾಲ್ಕರಲ್ಲಿ ಪಟಲ ಕಳಚಿತ್ತು. ಇಪ್ಪತ್ತೈದರ ಹುಡುಗಿಗೆ ಇದು ಬೇಡವೆಂದು ವೈದ್ಯರೇ ಹೇಳಿದರು. ಮೂರನೆಯದು, ಸಹಜ ಮಸೂರವನ್ನು ಹಾಗೆಯೇ ಬಿಟ್ಟು ಅದರ ಮುಂದೆ, ಕಪ್ಪುಗುಡ್ಡೆಯ ಪರದೆಯ ಹಿಂದೆ, ಇನ್ನೊಂದು ತೆಳುವಾದ ಮಸೂರವನ್ನು ಸೇರಿಸುವುದು. ಬೇಡವಾದರೆ ಅದನ್ನು ಹೊರತೆಗೆಯಬಹುದು. ಅವಳಿಗೆ ಸೂಚಿಸಿದುದು ಇದನ್ನು.

(ಮಸೂರವೆಂದರೆ ನಮ್ಮ ಅಂಗಡಿಯ ಚನ್ನಂಗಿ ಬೇಳೆಯೇ. ಲೆನ್ಸ್ ಎಂಬುದೂ ಲ್ಯಾಟಿನ್ ಭಾಷೆಯಲ್ಲಿ ಅದೇ ಬೇಳೆಯ ಹೆಸರು. ನಾಲ್ಕು ದಶಕ ಕಾಳು ತೂಗಿದವನಿಗೆ ಕಣ್ಣಿನೊಳಗೂ ಒಂದು ಕಾಳಿದೆಯೆಂದು ತಿಳಿದು ನಗು ಬಂದಿತು.)

ನಾನು ವ್ಯಾಪಾರಿ. ಮಾಲು ಎಲ್ಲಿಂದ ಬಂದಿತೆಂದು ಕೇಳದೆ ಖರೀದಿ ಮಾಡಿದವನಲ್ಲ. ಆದುದರಿಂದ, "ಈ ಮಸೂರವನ್ನು ಯಾವುದರಿಂದ ಮಾಡಿರುತ್ತಾರೆ?" ಎಂದು ಕೇಳಿದೆ. ವಿವರಣೆ ನೀಡಲು ಕುಳಿತಿದ್ದ ಯುವಕ, "ಪ್ಲಾಸ್ಟಿಕ್ ಅಷ್ಟೇ ಸರ್" ಎಂದ. ಡಬ್ಬಿಯ ಜೊತೆಗಿನ ಪತ್ರಿಕೆಯನ್ನು ಕೇಳಿದೆ. ಕನ್ನಡಕ ತೆಗೆದು, ಅಜ್ಜಿ ಮೊರ ನೋಡಿದಂತೆ ಆ ಸಣ್ಣ ಅಕ್ಷರಗಳನ್ನು ನೋಡಿದೆ. ಕೊಲಾಜನ್ ಎಂಬ ಪದ ಕಂಡಿತು. ಪ್ರಾಣಿಗಳ ಚರ್ಮ, ಮೂಳೆ, ಸ್ನಾಯುಗಳಲ್ಲಿರುವ ವಸ್ತು ಅದು. ಜೆಲಾಟಿನ್ ಸಹ ಅದರಿಂದಲೇ ಆಗುತ್ತದೆ. ವೈದ್ಯರು ತಪ್ಪಿಸಿಕೊಳ್ಳದೆ ನಿಜವನ್ನು ಹೇಳಿದರು. ಲೋಕದಲ್ಲಿ ಬಹಳ ಪ್ರಚಾರದಲ್ಲಿರುವ, 2005ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯ ಒಪ್ಪಿಗೆ ಪಡೆದ ಆ ಬಗೆಯ ಮಸೂರದ ದ್ರವ್ಯದಲ್ಲಿ ಹಂದಿಯ ಕೊಲಾಜನ್ ಸೇರಿರುತ್ತದೆ. ಪ್ರಮಾಣ ಶೇಕಡಾ ಒಂದಕ್ಕಿಂತ ಬಹಳ ಕಡಮೆ. ಕಣ್ಣು ಅದನ್ನು ಪರಕೀಯವೆಂದು ತಿಳಿಯದಿರಲೆಂದು ಅದನ್ನು ಸೇರಿಸುತ್ತಾರಂತೆ.

ಆ ದಿನ ನಾವು ದಿನಾಂಕ ಗೊತ್ತುಮಾಡದೆ ಊರಿಗೆ ಮರಳಿದೆವು.

ಮನೆಯಲ್ಲಿ ಚರ್ಚೆಯಾಯಿತು. ಗೃಹಸ್ಥನ ಹಿಂಸೆಯನ್ನು ನಮ್ಮವರು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ, ಮೊದಲನೆಯದನ್ನು ಪೂರ್ಣವಾಗಿ ಬಿಡಬೇಕು, ಉಳಿದವುಗಳಲ್ಲಿ ಎಚ್ಚರದಿಂದಿರಬೇಕು ಎನ್ನುತ್ತಾರೆ. ಇಲ್ಲಿ ಸಂಕಲ್ಪವಿಲ್ಲವಲ್ಲ ಎಂಬುದು ಒಂದು ವಾದ. ಯಾರೂ ಮಸೂರಕ್ಕಾಗಿ ಹಂದಿಯನ್ನು ಕೊಲ್ಲುವುದಿಲ್ಲ. ಮಾಂಸಕ್ಕಾಗಿ ಕೊಂದದ್ದರ ಚರ್ಮದಿಂದ ಬಂದ ಕಣವಿದು. ಈ ವಾದವನ್ನು ನಾನು ಅನೇಕ ವಿದ್ಯಾವಂತರ ಬಾಯಿಯಿಂದ ಕೇಳಿದ್ದೇನೆ. ಕಾಲೇಜಿನಲ್ಲಿ ವೆಚ್ಚಲೆಕ್ಕ ಓದಿದ ನನಗೆ ಅದು ಎಂದೂ ಒಪ್ಪಿಗೆಯಾಗಿಲ್ಲ. ಅಕ್ಕಿ ಗಿರಣಿಯನ್ನೇ ನೋಡಿರಿ. ಗಿರಣಿಯವನು ಭತ್ತ ಕೊಳ್ಳುವುದು ಅಕ್ಕಿಗಾಗಿ. ಆದರೆ ತೌಡು ಎಣ್ಣೆಯ ಕಾರ್ಖಾನೆಗೆ ಹೋಗುತ್ತದೆ, ನುಚ್ಚು ಬೇರೆ ಕಡೆಗೆ, ಹೊಟ್ಟು ಒಲೆಗೆ. ತೌಡಿನ ದರ ಏರಿದ ವರ್ಷ ಅವನು ರೈತನಿಗೆ ಕ್ವಿಂಟಲಿಗೆ ನಾಲ್ಕು ರೂಪಾಯಿ ಹೆಚ್ಚು ಕೊಡಬಲ್ಲ. ಉಪೋತ್ಪನ್ನದ ಆದಾಯವನ್ನು ಮುಖ್ಯ ಉತ್ಪನ್ನದ ವೆಚ್ಚದಿಂದ ಕಳೆಯುವುದು ಲೆಕ್ಕಶಾಸ್ತ್ರದ ಮೊದಲ ಪಾಠ. ಕಸಾಯಿಖಾನೆಗೂ ಅದೇ ಲೆಕ್ಕ. ಚರ್ಮ, ಮೂಳೆ, ಕೊಲಾಜನ್ ಕೊಳ್ಳುವವನು ಕತ್ತಿ ಹಿಡಿಯದಿದ್ದರೂ ಕತ್ತಿಯ ಖರ್ಚಿನಲ್ಲಿ ಒಂದು ಪಾಲು ಕೊಡುತ್ತಾನೆ. ಕೃತ, ಕಾರಿತ, ಅನುಮೋದಿತ ಎಂದು ಪೂರ್ವಾಚಾರ್ಯರು ಹೇಳಿದ ಮೂರರಲ್ಲಿ ಕೊನೆಯದು ಇದರಿಂದ ನನಗೆ ಸ್ಪಷ್ಟವಾಯಿತು.

ಇಷ್ಟು ಹೇಳಿ ನಾನು ಗೆದ್ದೆನೆಂದು ತಿಳಿದೆ. ಆಗ ತಮ್ಮ, ಎಂದೂ ನನ್ನೆದುರು ಮಾತನಾಡದವನು, "ಅಣ್ಣಾ, ಗೋದಾಮಿನ್ಯಾಗ ವರ್ಷಕ್ಕ ಎಷ್ಟು ಸಲ ಗುಳಿಗಿ ಇಡಸ್ತೀರಿ? ಅಲ್ಲಿ ಸತ್ತ ನುಸಿ ಎಣಿಸೀರೇನು? ನನ್ನ ಮಗಳ ಕಣ್ಣಿಗೆ ಬಂದಾಗಷ್ಟೇ ನಿಮಗ ಲೆಕ್ಕ ನೆನಪಾತೇನು?" ಎಂದ.

ದಾಸ್ತಾನಿನ ಅಕ್ಕಿಗೆ ಹುಳು ಹತ್ತದಿರಲೆಂದು ತಾಡಪಾಲು ಮುಚ್ಚಿ ವಿಷದ ಗುಳಿಗೆ ಇಡುವುದು ನಮ್ಮ ವ್ಯಾಪಾರದಲ್ಲಿ ಎಲ್ಲರೂ ಮಾಡುವ ಕೆಲಸ. ನಾನೂ ಮಾಡಿದ್ದೇನೆ. ಅದು ಉದ್ಯೋಗೀ ಹಿಂಸೆ, ಅನಿವಾರ್ಯ ಎಂದು ಹೇಳಲು ಬಾಯಿ ತೆರೆದೆ. ಹೇಳಲಾಗಲಿಲ್ಲ. ಮೊರದಿಂದ ನುಸಿ ಎತ್ತುತ್ತಿದ್ದ ಅಜ್ಜಿಯ ಮೊಮ್ಮಗ ನಾನು. ಒಂದು ಖಾತೆಯಲ್ಲಿ ಸಾವಿರಾರು ಜೀವಗಳ ಬಾಕಿ ಇಟ್ಟುಕೊಂಡವನು ಇನ್ನೊಬ್ಬರ ಖಾತೆಯಲ್ಲಿ ಒಂದು ಕಣವನ್ನು ಹುಡುಕಲು ಹೊರಟಿದ್ದೆ. ಹಾಗೆಂದು ಆ ಕಣ ಸುಳ್ಳಾಗುವುದಿಲ್ಲ. ನನ್ನ ಬಾಕಿಯನ್ನು ತೋರಿಸಿ ಅದನ್ನು ವಜಾ ಮಾಡಲು ಬರುವುದಿಲ್ಲ. ಆದರೆ ಹೇಳುವ ಅಧಿಕಾರ ನನಗೆಷ್ಟಿದೆ ಎಂಬುದು ಬೇರೆ ಪ್ರಶ್ನೆ. ನನ್ನ ಮನೆಯವರು ಒಳಗಿನಿಂದಲೇ, "ನೇಮಿನಾಥ ಸ್ವಾಮಿಗಳು ಮದುವಿ ದಿಬ್ಬಣದಿಂದ ಹಿಂದಕ್ಕ ತಿರುಗಿದ್ದು ಯಾಕಂತ ವರ್ಷಾ ಓದಸ್ತೀರಿ. ಆವತ್ತು ಆ ಹೆಣ್ಣುಮಗಳು ಕನ್ನಡಕ ತೆಗಿ ಅಂದಾಗ ಯಾರಾದ್ರೂ ತಿರುಗಿದ್ರೇನು?" ಎಂದರು. ಅದು ಯಾರಿಗೆ ಹೇಳಿದ ಮಾತೆಂದು ಎಲ್ಲರಿಗೂ ತಿಳಿಯಿತು.

ಕೊನೆಗೆ ಹುಡುಗಿಯೇ ದಾರಿ ತೋರಿಸಿದಳು. "ಮಾಡಿಸಿಕೊಳ್ಳಬೇಡ ಅಂತ ಹೇಳಬ್ಯಾಡ್ರಿ ದೊಡ್ಡಪ್ಪಾ. ಬ್ಯಾರೆ ಏನದ ಕೇಳ್ರಿ" ಎಂದಳು. ಕೇಳಿದೆ. ನಮ್ಮ ದೇಶದಲ್ಲಿಯೇ ತಯಾರಾಗುವ, ಕೊಲಾಜನ್ ಸೇರದ, ಬರಿಯ ಅಕ್ರಿಲಿಕ್‌ನ ಇನ್ನೊಂದು ಬಗೆಯ ಮಸೂರ ಇರುವುದು ತಿಳಿಯಿತು. ಇದೇ ರೀತಿಯಲ್ಲಿ ಸಹಜ ಮಸೂರದ ಮುಂದೆ ಕೂರುವಂಥದು. ವೈದ್ಯರು ಅವಳ ಕಣ್ಣಿನ ಅಳತೆಗೆ ಅದು ಸರಿಹೊಂದುವುದೆಂದು ನೋಡಿದ ಮೇಲೆ, 2022ರಲ್ಲಿ ಎರಡೂ ಕಣ್ಣುಗಳಿಗೆ ಆಯಿತು. ಇಷ್ಟು ಸುಲಭವಾಗಿ ಸಿಕ್ಕ ಉತ್ತರಕ್ಕಾಗಿ ಒಂದು ಮನೆ ಎಂಟು ದಿನ ಊಟ ರುಚಿಸದೆ ಕುಳಿತಿತ್ತು. ಕೇಳದಿದ್ದರೆ ಮಾತ್ರ ಆ ಉತ್ತರ ಸಿಕ್ಕುತ್ತಿರಲಿಲ್ಲ.

ಮುಂದಿನ ವರ್ಷ ನನ್ನ ಸರದಿ ಬಂದಿತು. ಪೊರೆಯ ನಡುಭಾಗ ಗಟ್ಟಿಯಾಗುತ್ತ ಹೋದಂತೆ ಸಮೀಪದೃಷ್ಟಿ ಇನ್ನೂ ಏರುತ್ತದೆ. ನನ್ನ ನಂಬರು ಹದಿನಾಲ್ಕಕ್ಕೆ ಹೋಗಿತ್ತು. ಮಸೂರ ಬದಲಿಸುವುದು ನನಗೆ ಅಗತ್ಯವೇ ಆಗಿತ್ತು. ಪೊರೆಯ ಶಸ್ತ್ರಕ್ರಿಯೆಯಲ್ಲಿ ಇಡುವ ಮಸೂರದ ವಿಷಯದಲ್ಲಿ ನಮ್ಮವರು ಚಿಂತಿಸಬೇಕಾಗಿಲ್ಲ. ಅದು ಸಾಮಾನ್ಯವಾಗಿ ಅಕ್ರಿಲಿಕ್. ಎರಡನೆಯ ಮಹಾಯುದ್ಧದಲ್ಲಿ ವಿಮಾನದ ಮುಚ್ಚಳದ ಅಕ್ರಿಲಿಕ್ ಚೂರುಗಳು ಚಾಲಕರ ಕಣ್ಣಿನಲ್ಲಿ ಸಿಕ್ಕಿಕೊಂಡರೂ ಕಣ್ಣು ಕೆರಳದಿದ್ದುದನ್ನು ಗಮನಿಸಿದ ಲಂಡನ್ನಿನ ಹೆರಾಲ್ಡ್ ರಿಡ್ಲೆಯವರು 1949ರ ನವೆಂಬರಿನಲ್ಲಿ ಮೊದಲ ಬಾರಿಗೆ ಅದೇ ಬಗೆಯ ದ್ರವ್ಯದ ಮಸೂರವನ್ನು ಕಣ್ಣಿನಲ್ಲಿಟ್ಟರು. ಸ್ವಾರಸ್ಯವೆಂದರೆ, ಅವರ ಮೊದಲ ರೋಗಿಗೆ ಅಳತೆ ತಪ್ಪಿ ತೀವ್ರ ಸಮೀಪದೃಷ್ಟಿ ಉಂಟಾಯಿತು! ನಮ್ಮಲ್ಲಿ 1992ರಲ್ಲಿ ಮದುರೆಯ ಅರವಿಂದ ನೇತ್ರಾಲಯದವರು ಔರೋಲ್ಯಾಬ್ ಸ್ಥಾಪಿಸಿ ಮಸೂರಗಳನ್ನು ತಯಾರಿಸತೊಡಗಿದ ಮೇಲೆ ಬಡವರ ಕಣ್ಣಿಗೂ ಅದು ಎಟುಕಿತು. ಧರ್ಮಾರ್ಥ ಶಿಬಿರ ನಡೆಸುವ ಬಸದಿಗಳ ಟ್ರಸ್ಟಿನವರು ಮಸೂರದ ಬದಲು ಬೇರೆ ಎರಡು ವಸ್ತುಗಳನ್ನು ವಿಚಾರಿಸಬಹುದು. ಶಸ್ತ್ರಕ್ರಿಯೆಯ ಸಮಯದಲ್ಲಿ ಕಣ್ಣಿನೊಳಗೆ ತುಂಬುವ ಲೋಳೆಯಂಥ ದ್ರವ್ಯ ಒಂದು. ಹಿಂದೆ ಅದನ್ನು ಹುಂಜದ ಜುಟ್ಟಿನಿಂದ ತೆಗೆಯುತ್ತಿದ್ದರು. ಸೂಕ್ಷ್ಮಜೀವಿಗಳ ಹುದುಗಿನಿಂದ ಮಾಡಿದ್ದೂ, ಸಸ್ಯಮೂಲದ ಸೆಲ್ಯುಲೋಸಿನಿಂದ ಮಾಡಿ ಬಹಳ ಅಗ್ಗವಾಗಿ ಸಿಗುವುದೂ ಇಂದು ಇವೆ. ಕಣ್ಣಿನ ಪಕ್ಕದಲ್ಲಿ ಚುಚ್ಚುವ ಅರಿವಳಿಕೆಯ ಜೊತೆ ಬೆರೆಸುವ ಹೈಅಲುರೋನಿಡೇಸ್ ಇನ್ನೊಂದು; ಕುರಿ, ದನಗಳ ವೃಷಣದಿಂದ ತೆಗೆದದ್ದು ಬಳಕೆಯಲ್ಲಿದೆ. ಬರಿಯ ಹನಿ ಹಾಕಿ ಮರಗಟ್ಟಿಸಿ ಮಾಡುವ ಶಸ್ತ್ರಕ್ರಿಯೆಗೆ ಅದು ಬೇಕಾಗುವುದಿಲ್ಲ. ವೈದ್ಯರು ಬೇಕೇ ಬೇಕೆಂದರೆ ಹಟ ಹಿಡಿಯಬಾರದು. ಕಣ್ಣು ಕಳೆದುಕೊಂಡ ಶ್ರಾವಕ ಜೀವಿಗಳನ್ನು ನೋಡಿ ನಡೆಯುವುದಾದರೂ ಹೇಗೆ?

ನನ್ನನ್ನು ಕೇಳಿದ ಪ್ರಶ್ನೆ ಬೇರೆ. "ದೂರಕ್ಕೆ ಹೊಂದಿಸಲೋ, ಹತ್ತಿರಕ್ಕೋ?" ಎಂದರು ವೈದ್ಯರು. ದೂರಕ್ಕೆ ಹೊಂದಿಸಿದರೆ ಐವತ್ತು ವರ್ಷಗಳ ಕನ್ನಡಕ ಇಳಿಯುತ್ತದೆ, ತಂದೆಯವರಂತೆ ಹೊಳೆಯಾಚೆ ನೋಡಬಹುದು. ಬಹುತೇಕರು ಇದನ್ನೇ ಕೇಳುತ್ತಾರಂತೆ. ನಾನು ಒಂದು ದಿನ ಸಮಯ ಕೇಳಿ, ಮೊರದ ಮುಂದೆ ಅತ್ತ ಅಜ್ಜಿಯನ್ನು ನೆನೆದು, ಮೈನಸ್ ಮೂರನ್ನು ಉಳಿಸಿಕೊಳ್ಳುವುದಾಗಿ ಹೇಳಿದೆ. ಸಾಮಾನ್ಯ ಕಣ್ಣಿಗೆ ಇಡುವ ಮಸೂರದ ಶಕ್ತಿ ಸುಮಾರು 20. ನನ್ನ ಉದ್ದನೆಯ ಕಣ್ಣಿಗೆ, ಆ ಮೂರನ್ನು ಉಳಿಸಲು, 12.5. ಈಗ ದಾರಿಗೆ ತೆಳುವಾದ ಕನ್ನಡಕ ಬೇಕು. ಸ್ವಾಧ್ಯಾಯಕ್ಕೆ, ಕೀರ್ದಿ ಬರೆಯಲಿಕ್ಕೆ, ಮೊರ ನೋಡಲಿಕ್ಕೆ ಏನೂ ಬೇಡ. ಮೊದಲಿನಷ್ಟು ಹತ್ತಿರವೂ ಅಲ್ಲ, ಮೊದಲಿನಷ್ಟು ದೊಡ್ಡದಾಗಿಯೂ ಅಲ್ಲ. ಆದರೂ ನುಸಿ ಕಾಣುತ್ತದೆ. ಹಿಂಪಟಲದ ಪರೀಕ್ಷೆಗೆ ಆಗಾಗ ಹೋಗಿ ಬರುತ್ತೇನೆ. ಮಸೂರ ಹೊಸದಾದರೂ ಗುಡ್ಡೆ ಅದೇ ಉದ್ದನೆಯದು.

ತಮ್ಮನ ಮಾತಿಗೆ ಉತ್ತರ ಕೊಡುವುದು ಇನ್ನೂ ಉಳಿದಿದೆ. ಎರಡು ವರ್ಷಗಳಿಂದ ಮಳೆಗಾಲಕ್ಕೆ ಮುಂಚೆ ದಾಸ್ತಾನು ಇಳಿಸುತ್ತಿದ್ದೇವೆ. ದರ ಏರುವುದನ್ನು ಕಾಯದೆ ಮಾರಿದರೆ ನಷ್ಟ ಬರುತ್ತದೆ; ಗುಳಿಗೆಯ ಸರದಿ ಒಂದು ಕಡಮೆಯಾಗುತ್ತದೆ. ಪೂರ್ತಿ ನಿಂತಿಲ್ಲ. ಆ ನಷ್ಟವನ್ನು ಕೀರ್ದಿಯಲ್ಲಿ ಯಾವ ಬಾಬಿಗೆ ಬರೆಯಬೇಕೆಂದು ಈ ವೈಶಾಖದಲ್ಲಿ ತಮ್ಮ ಕೇಳಿದ. ಅಂಗಡಿಗೆ ಬಂದಿದ್ದ ಅವನ ಮಗಳು, ಕನ್ನಡಕವಿಲ್ಲದ ಕಣ್ಣಿನಿಂದ ರಸ್ತೆಯಾಚೆಯ ಲಾರಿಯ ನಂಬರು ಓದುತ್ತಿದ್ದವಳು, ಕೈಗೆ ಒಂದು ಹಿಡಿ ಅಕ್ಕಿ ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದಳು. "ನನಗೀಗ ಇಷ್ಟು ಹತ್ತಿರ ಕಾಣಂಗಿಲ್ಲ ದೊಡ್ಡಪ್ಪಾ, ನೀವ ನೋಡ್ರಿ" ಎಂದು ನನ್ನ ಅಂಗೈಗೆ ಸುರಿದಳು. ಎರಡು ನುಸಿ ಇದ್ದವು.